ಮುಳುಗುವ ಮೊದಲೇ ಸನ್ಮಾನ

ನಾನು ಎಚ್ಚರಿಕೆಯ ಮನುಷ್ಯ. ಇದನ್ನು ನಾನೇ ಹೇಳಿಕೊಳ್ಳಬಾರದು. ಆದರೆ ಬೇರೆ ಯಾರೂ ಹೇಳುತ್ತಿಲ್ಲವಾದ್ದರಿಂದ ನಾನೇ ಹೇಳಿಕೊಳ್ಳಬೇಕಾಗಿದೆ.

ಮುದ್ದೇಬಿಹಾಳದ ಕೋರ್ಟಿನಲ್ಲಿ ಸಾಕ್ಷಿಗಳ ಹೇಳಿಕೆಗಳನ್ನು ಟೈಪು ಮಾಡುತ್ತ ನಿವೃತ್ತನಾದವನು ನಾನು. ‘ಸುಮಾರು’ ಎಂದವರನ್ನು, ‘ಇದ್ದರೂ ಇರಬಹುದು’ ಎಂದವರನ್ನು ವಕೀಲರು ಹೇಗೆ ಹರಿದು ಹಾಕುತ್ತಾರೆಂದು ಕಣ್ಣಾರೆ ಕಂಡಿದ್ದೇನೆ. ಆದ್ದರಿಂದ ಇಲ್ಲಿ ಕಂಡದ್ದನ್ನು ಕಂಡಂತೆ, ಕೇಳಿದ್ದನ್ನು ಕೇಳಿದಂತೆ ಬರೆಯುತ್ತೇನೆ. ಕೇಳಿದ್ದೆಲ್ಲ ಒಂದೇ ಕಿವಿಯಿಂದ ಎಂಬುದನ್ನು ಮಾತ್ರ ಓದುಗರು ಗಮನದಲ್ಲಿಡಬೇಕು. ಅದರ ಕಾರಣ ಮುಂದೆ ಬರುತ್ತದೆ.

ಇಡೀ ಪ್ರಕರಣ ಶುರುವಾದದ್ದು ನನ್ನ ಹೆಂಡತಿ ಗಿರಿಜಾಳ ಮೊಬೈಲಿನಿಂದ. ಅವಳು ನಿಡಗುಂದಿಯ ಕಡೆಯವಳು. ಅವಳ ತವರೂರು ಕೃಷ್ಣೆಯ ದಂಡೆಯ ಮೇಲಿತ್ತು. ‘ಇತ್ತು’ ಎಂದೇ ಬರೆಯಬೇಕು. ಆಲಮಟ್ಟಿಯ ಹಿನ್ನೀರು ಬಂದ ಮೇಲೆ ಆ ಊರು ಹೊಳೆಯೊಳಗೇ ಉಳಿಯಿತು. ಜನ ಮಾತ್ರ ಬಾಗಿಲು, ತೊಲೆ, ದನಕರುಗಳೊಂದಿಗೆ ಮೇಲಿನ ಎರೆಭೂಮಿಗೆ ಬಂದರು.

ಒಂದು ಮಧ್ಯಾಹ್ನ ಅವಳು ಮೊಬೈಲನ್ನು ನನ್ನ ಮುಖದ ಮುಂದೆ ಹಿಡಿದಳು. ಕೆರಿಬಿಯನ್ ಸಮುದ್ರದ ಯಾವುದೋ ದ್ವೀಪ. ಬೆನ್ನಿಗೆ ಗಾಳಿಯ ಸಿಲಿಂಡರು, ಬಾಯಿಗೆ ನಳಿಕೆ ಹಾಕಿಕೊಂಡ ಜನ ನೀರಿನ ತಳದಲ್ಲಿ ಒಂದು ಮುಳುಗಿದ ಹಡಗಿನ ಸುತ್ತ ತಿರುಗುತ್ತಿದ್ದರು. ಹಡಗಿನ ಬಾಗಿಲೊಳಗೆ ಹೋಗುತ್ತಿದ್ದರು, ಕಿಟಕಿಯಿಂದ ಹೊರಗೆ ಬರುತ್ತಿದ್ದರು. ಇದಕ್ಕೆ ಸ್ಕೂಬಾ ಡೈವಿಂಗ್ ಎನ್ನುತ್ತಾರೆಂದು ನಾನು ಅವಳಿಗೆ ತಿಳಿಸಿಕೊಟ್ಟೆ. ಅವಳು ಆಗಲೇ ಅದನ್ನು ಓದಿಕೊಂಡಿದ್ದಳು.

“ನಮ್ಮೂರೂ ಈಗ ಹಿಂಗ ಕುಂತಿರಬೇಕಲ್ರಿ ನೀರಾಗ,” ಎಂದಳು. “ಇಲ್ಲಿ ಮುಳುಗಿದ್ರ ನಮ್ಮ ಕೈ ನಮಗ ಕಾಣಂಗಿಲ್ಲ, ಅಷ್ಟು ರಾಡಿ. ಅಲ್ಲಿ ಸೂಜಿ ಬಿದ್ರೂ ಕಾಣ್ತೈತಂತ. ನೀರ ತಳಕ್ಕ ಹೋಗಿ ಒಂದ್ಸಲ ನಿಂತು ನೋಡ್ಬೇಕು, ಹೆಂಗ ಅನಸ್ತೈತಿ ಅಂತ.”

ನಮ್ಮ ಇಷ್ಟು ವರ್ಷಗಳ ಸಂಸಾರದಲ್ಲಿ ಗಿರಿಜಾ ತನಗಾಗಿ ಬೇಡಿದ್ದು ಇದೊಂದನ್ನೇ. ಈ ಮಾತನ್ನು ನಾನು ಪ್ರಮಾಣ ಮಾಡಿ ಹೇಳಬಲ್ಲೆ.

“ಮುರುಡೇಶ್ವರದ ಕಡೆನೂ ಇದನ್ನ ಮಾಡಸ್ತಾರಂತ. ಅಲ್ಲಿಗೇ ಹೋಗೂಣು,” ಎಂದೂ ಸೇರಿಸಿದಳು.

ಇಲ್ಲಿ ನಾನು ಹೌದು ಎಂದಿದ್ದರೆ ಈ ಬರಹವೇ ಇರುತ್ತಿರಲಿಲ್ಲ. ಆದರೆ ಮುರುಡೇಶ್ವರಕ್ಕೆ ಯಾರು ಹೋಗುವುದಿಲ್ಲ? ನಮ್ಮ ಓಣಿಯ ಅರ್ಧ ಜನ ಹೋಗಿ, ಸಮುದ್ರದಲ್ಲಿ ಕಾಲು ತೊಳೆದುಕೊಂಡು ಬಂದಿದ್ದಾರೆ. ಕೆರಿಬಿಯನ್ ಹಾಗಲ್ಲ. ಬಾರ್ಬಡೋಸ್, ಆಂಟಿಗಾ, ಟ್ರಿನಿಡಾಡ್! ಚಿಕ್ಕಂದಿನಲ್ಲಿ ರೇಡಿಯೊಗೆ ಕಿವಿಯಂಟಿಸಿ ಕ್ರಿಕೆಟ್ ಕಾಮೆಂಟರಿ ಕೇಳುತ್ತ ನಾನು ಬಾಯಿಪಾಠ ಮಾಡಿದ ಹೆಸರುಗಳು ಅವು. ಮುದ್ದೇಬಿಹಾಳ ತಾಲೂಕಿನಿಂದ ಅಲ್ಲಿಗೆ ಯಾರೂ ಹೋದ ದಾಖಲೆ ಇಲ್ಲ.

“ಹೋಗೋದಾದ್ರ ಕೆರಿಬಿಯನ್‌ಗೇ,” ಎಂದು ತೀರ್ಪು ಕೊಟ್ಟೆ. ನನಗೆ ಈಜು ಬರುವುದಿಲ್ಲ ಎಂಬ ಸಣ್ಣ ಸಂಗತಿ ಆಗ ನೆನಪಿಗೆ ಬರಲಿಲ್ಲ.

ನಿವೃತ್ತಿಯ ಹಣವಿತ್ತು. ಇಬ್ಬರಿಗೂ ಪಾಸ್‌ಪೋರ್ಟ್ ಬಂತು. ದ್ವೀಪದ ಡೈವಿಂಗ್ ಶಾಲೆಯೊಂದಕ್ಕೆ ಇಮೇಲ್ ಬರೆದೆ. ನಾನು ಬರೆದದ್ದು, ‘ಮಾನ್ಯರೇ, ಈ ಮೂಲಕ ವಿನಂತಿಸಿಕೊಳ್ಳುವುದೇನೆಂದರೆ’ ಎಂಬ ಧಾಟಿಯ ಇಂಗ್ಲಿಷಿನಲ್ಲಿ. ಅವರು ‘ಹಾಯ್’ ಎಂದು ಉತ್ತರ ಬರೆದು, ಇಬ್ಬರೂ ಈಜು ಕಲಿತಿರಬೇಕು, ಡಾಕ್ಟರಿಗೆ ತೋರಿಸಿಕೊಂಡು ಬರಬೇಕು ಎಂದು ತಿಳಿಸಿದರು. ಈ ಎರಡು ಕೆಲಸ ಮುಗಿಸಿಯೇ ಟಿಕೆಟು ತೆಗೆಸಬೇಕೆಂದು ನಿಶ್ಚಯಿಸಿದೆ. ಅಷ್ಟು ಎಚ್ಚರಿಕೆ!

ಆಮೇಲೆ ಪಕ್ಕದ ಮನೆಯ ಮಲ್ಲನಗೌಡರಿಗೆ ಹೇಳಿದೆ.

ಮಲ್ಲನಗೌಡರು ನಮ್ಮ ಬಡಾವಣೆಯ ಗೆಳೆಯರ ಬಳಗದ ಅಧ್ಯಕ್ಷರು. ಈ ಬಳಗಕ್ಕೆ ಇರುವ ಕೆಲಸ ಸನ್ಮಾನ ಮಾಡುವುದು. ಬಡ್ತಿ ಬಂದವರಿಗೆ, ವರ್ಗವಾದವರಿಗೆ, ಮೊಮ್ಮಗ ಹುಟ್ಟಿದವರಿಗೆ, ಕಣ್ಣಿನ ಪೊರೆ ತೆಗೆಸಿಕೊಂಡವರಿಗೆ, ಯಾರಿಗಾದರೂ ಸರಿ, ಒಂದು ಶಾಲು, ಒಂದು ಹಾರ, ಒಂದು ಹಣ್ಣಿನ ಬುಟ್ಟಿ. ಮನೆಯಲ್ಲಿ ಅವರು ಸದಾ ನಾಲ್ಕು ಶಾಲು ಇಟ್ಟುಕೊಂಡಿರುತ್ತಾರೆ.

“ಗೌಡ್ರ, ಇದು ನಿಮ್ಮೊಳಗ ಇರ್ಲಿ. ಇನ್ನೂ ಏನೂ ಪಕ್ಕಾ ಆಗಿಲ್ಲ,” ಎಂದೆ.

“ಛೇ ಛೇ! ನಾ ಯಾರಿಗೆ ಹೇಳ್ಲಿರಿ?” ಎಂದರು.

ಅವರು ಮಾತಿಗೆ ತಪ್ಪಲಿಲ್ಲ. ಯಾರಿಗೂ ಹೇಳಲಿಲ್ಲ. ಸರ್ಕಲ್ಲಿನಲ್ಲಿ ಫ್ಲೆಕ್ಸ್ ಕಟ್ಟಿಸಿದರು!

ಮರುದಿನ ಹಾಲಿಗೆ ಹೋದಾಗ ನನ್ನನ್ನು ನಾನೇ ಕಂಡೆ. ಮುಖ ಪಾಸ್‌ಪೋರ್ಟ್ ಫೋಟೊದ್ದು. ಕುತ್ತಿಗೆಯ ಕೆಳಗೆ ಮಾತ್ರ ಯಾವನೋ ಬಿಳಿಯ ಮನುಷ್ಯನ ಮೈ, ರಬ್ಬರಿನ ಅಂಗಿ, ಕಾಲಿಗೆ ಕಪ್ಪೆಪಾದ. ಹಿಂದೆ ತಿಮಿಂಗಿಲ. ‘ಕೆರಿಬಿಯನ್ ಸಮುದ್ರದ ತಳಕ್ಕೆ ಹೊರಟಿರುವ ಮುದ್ದೇಬಿಹಾಳದ ಹೆಮ್ಮೆಯ ಸಾಹಸಿಗೆ ಹಾರ್ದಿಕ ಶುಭಾಶಯಗಳು’. ಗಿರಿಜಾಳ ಚಿತ್ರ ಎಲ್ಲಿಯೂ ಇರಲಿಲ್ಲ. ತಿಮಿಂಗಿಲದ ಬಾಲದ ಹತ್ತಿರ ಸಣ್ಣ ಅಕ್ಷರದಲ್ಲಿ ‘ಸಪತ್ನೀಕರಾಗಿ’ ಎಂದಿತ್ತು.

ಅದೇ ಭಾನುವಾರ ಸನ್ಮಾನ. ನಮ್ಮ ಕಡೆ ಸನ್ಮಾನಕ್ಕೆ ‘ಬೇಡ’ ಎನ್ನುವುದು ಊಟಕ್ಕೆ ಕರೆದವರಿಗೆ ‘ಹಸಿವಿಲ್ಲ’ ಎಂದಷ್ಟೇ ದೊಡ್ಡ ಅವಮಾನ. ಹೋಗಿ ಕುಳಿತೆ. ಶಾಲು ಹೊದಿಸಿದರು. ಬಿಸಿಲಿಗೆ ಅದರೊಳಗೇ ನೀರಾದೆ. ಮಾತನಾಡಲು ಎಬ್ಬಿಸಿದಾಗ, “ಹೋಗುವುದು ಇನ್ನೂ ನಿಶ್ಚಯವಾಗಿಲ್ಲ” ಎಂದು ಹೇಳಲೆಂದೇ ಎದ್ದೆ. ಎದುರಿಗೆ ತುಂಬಿದ ಸಭೆ. ಮೈಕು ಹಿಡಿದ ಕೂಡಲೇ, “ಮುದ್ದೇಬಿಹಾಳದ ಹೆಸರನ್ನು ಸಮುದ್ರದ ತಳಕ್ಕೆ ಮುಟ್ಟಿಸುತ್ತೇನೆ” ಎಂದುಬಿಟ್ಟೆ. ಚಪ್ಪಾಳೆ! ಊರಿನ ಹೆಸರನ್ನು ತಳಕ್ಕೆ ಮುಟ್ಟಿಸುವುದರಲ್ಲಿ ಹೆಮ್ಮೆಪಡುವಂಥದ್ದು ಏನಿದೆ ಎಂದು ಯಾರೂ ಕೇಳಲಿಲ್ಲ.

ಮನೆಗೆ ಬಂದ ಮೇಲೆ ಗಿರಿಜಾ ಶಾಲು ಮಡಚುತ್ತ, “ಈಸಾಕ ಬರದವ್ರಿಗೆ ಸತ್ಕಾರ, ಬರೋವ್ರಿಗೆ ಬಾಳಿಹಣ್ಣು,” ಎಂದಳು. ಮಹಿಳೆಯರ ಸಾಲಿನಲ್ಲಿ ಅವಳ ಕೈಗೆ ಒಂದು ಬಾಳೆಹಣ್ಣು ಬಂದಿತ್ತಂತೆ.

ಸುದ್ದಿ ನನ್ನ ಅಕ್ಕನಿಗೂ ಮುಟ್ಟಿತು. ಶಿವಕ್ಕ ಇರುವುದು ಸಿಂದಗಿಯಲ್ಲಿ. ದೂರ ಹೊರಟ ಹೆಣ್ಣುಮಗಳನ್ನು ಉಡಿ ತುಂಬದೆ ಕಳಿಸುವ ರೂಢಿ ನಮ್ಮಲ್ಲಿಲ್ಲ. ಬರಲೇಬೇಕೆಂದು ಕರೆ ಬಂತು. ಹೋದೆವು. ಶಿವಕ್ಕ ಗಿರಿಜಾಳನ್ನು ಮಣೆಯ ಮೇಲೆ ಕೂಡಿಸಿ, ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣದ ಕೊಂಬು, ಖಣ ಎಲ್ಲ ಉಡಿಗೆ ಹಾಕಿದಳು. ಆಮೇಲೆ ನನ್ನ ಕಡೆ ತಿರುಗಿದಳು.

“ಅಲ್ಲೋ ತಮ್ಮಾ, ನೀರಾಗ ಉಸಿರಾಡಾಕ ಅಷ್ಟು ದೂರ ಹೋಗ್ಬೇಕೇನೋ? ಇಲ್ಲಿ ಗಾಳಿಗೆ ಏನಾಗೈತಿ?”

“ಅಲ್ಲಿ ಮೀನು, ಹವಳ ಎಲ್ಲಾ ಕಾಣ್ತಾವಬೇ.”

“ಮೀನ ತಿನ್ನೋರು ನೋಡ್ತಾರ. ನಿನಗ್ಯಾಕ ಬೇಕು? ಮತ್ತ ಆ ರಬ್ಬರ ಅಂಗಿ ಹಾಕ್ಕೊಂಡ್ರ ಕೊಳ್ಳಾಗಿನ ಲಿಂಗದ ಕರಡಿಗಿ ಎಲ್ಲಿ ಇಡ್ತಿ?”

“ಅಂಗಿ ಒಳಗ ಇರ್ತೈತಿ.”

“ನೀರು ಹೊಕ್ರ?”

ದ್ವೀಪದವರಿಗೆ ಇಮೇಲ್ ಬರೆದು ಕೇಳುತ್ತೇನೆ ಎಂದೆ. ಶಿವಕ್ಕ ಒಂದು ಗಂಟು ಕಡಕ್ ರೊಟ್ಟಿ, ಒಂದು ಡಬ್ಬಿ ಶೇಂಗಾ ಚಟ್ನಿ ಕಟ್ಟಿಕೊಟ್ಟಳು. ಹೊರಡುವ ದಿನವೇ ಗೊತ್ತಿಲ್ಲ ಎಂದರೆ, “ಕಡಕ್ ರೊಟ್ಟಿಗೆ ದಿನದ ಹಂಗಿಲ್ಲ” ಎಂದಳು. ಬಾಗಿಲಲ್ಲಿ ಗಿರಿಜಾಳ ಕೈ ಹಿಡಿದು, “ನೀ ಹೋಗಿ ಬಾ ಯವ್ವಾ. ಅಂವಗ ಧೈರ್ಯಾ ಕಡಿಮಿ, ನೀ ಜ್ವಾಕಿ ಮಾಡು” ಎಂದದ್ದು ನನಗೆ ಕೇಳಿಸಿತು. ಆಗ ಎರಡೂ ಕಿವಿ ನೆಟ್ಟಗಿದ್ದವು ಎಂದೇ ನನ್ನ ಭಾವನೆಯಾಗಿತ್ತು.

ಮುಂದೆ ಈಜು. ಇಂಡಿ ಪಟ್ಟಣದ ಹತ್ತಿರ ನಮ್ಮ ಶರಣಪ್ಪ ಕಾಕಾನ ಲಿಂಬೆ ತೋಟದಲ್ಲಿ ಮೆಟ್ಟಿಲಿರುವ ದೊಡ್ಡ ಬಾವಿಯಿದೆ. ಆ ಭಾಗದ ಗಂಡಸರೆಲ್ಲ ಅದರಲ್ಲೇ ಈಜು ಕಲಿತವರು. ಕಾಕಾ ನನ್ನ ಬೆನ್ನಿಗೆ ಖಾಲಿ ಎಣ್ಣೆಯ ಕ್ಯಾನೊಂದನ್ನು ಹಗ್ಗದಿಂದ ಬಿಗಿದ.

“ಇದು ನಿನ್ನ ಸಿಲಿಂಡರ ಅಂತ ತಿಳಕೋ,” ಎಂದ.

“ಕಾಕಾ, ಮೊದಲು ಕೈಕಾಲು ಹೆಂಗ ಆಡಸ್ಬೇಕು ಅನ್ನೋದು...”

“ಅದು ನೀರಾಗ ಬಿದ್ದ ಮ್ಯಾಲೆ ತಾನೇ ತಿಳೀತೈತಿ,” ಎಂದವನೇ ನೂಕಿದ.

ತಿಳಿಯಲಿಲ್ಲ. ಕ್ಯಾನಿನ ಮುಚ್ಚಳ ಸಡಿಲವಾಗಿತ್ತು. ಎಣ್ಣೆ ಹೋದ ಜಾಗಕ್ಕೆ ನೀರು ಬಂತು. ಮೇಲೆತ್ತಬೇಕಾದ ಸಾಧನವೇ ನನ್ನನ್ನು ಕೆಳಗೆ ಎಳೆಯತೊಡಗಿತು. ಎಡಗಿವಿಯಲ್ಲಿ ಯಾರೋ ಕಬ್ಬಿಣದ ಸಲಾಕೆ ತೂರಿದಂತಾಯಿತು. ಹಸಿರು ಬಣ್ಣ ಕಂಡೆ, ಆಮೇಲೆ ಕಪ್ಪು. ಆಮೇಲೆ ನನ್ನ ಕೊರಳಪಟ್ಟಿಯನ್ನು ಹಿಡಿದ ಒಂದು ಬಳೆಯ ಕೈ.

ಗಿರಿಜಾ ಸೀರೆಯ ಕಚ್ಚೆ ಹಾಕಿ ಜಿಗಿದಿದ್ದಳು. ನನ್ನನ್ನು ಮೆಟ್ಟಿಲ ಮೇಲೆ ಹಸಿ ಹಪ್ಪಳದಂತೆ ಹರವಿ, ಉಸಿರಿದೆ ಎಂದು ಖಾತ್ರಿ ಮಾಡಿಕೊಂಡು, ಅವಳು ತಿರುಗಿ ನೀರಿಗೆ ಹೋದಳು. ಯಾರೂ ಹೇಳಿರಲಿಲ್ಲ. ನೀರು ಅವಳ ಮೇಲೆ ಮುಚ್ಚಿಕೊಂಡಿತು. ನಾನು ಕೆಮ್ಮುವುದನ್ನೂ ಮರೆತು ನೋಡುತ್ತಿದ್ದೆ. ಕಾಕಾ ಲುಂಗಿ ಎತ್ತಿ ಕಟ್ಟಿ ಇಳಿಯಲು ತಯಾರಾದ. ಅಷ್ಟರಲ್ಲಿ ಅವಳು ಎದ್ದಳು. ಮುಷ್ಟಿಯಲ್ಲಿ ಬಾವಿಯ ತಳದ ಕೆಸರು.

“ಮುಟ್ಟಿದೆ ನೋಡ್ರಿ!” ಎಂದು ಕೈ ಬಿಚ್ಚಿ ತೋರಿಸಿದಳು.

ಆ ಮುಖವನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ನಮ್ಮ ಮದುವೆಯ ಫೋಟೊದಲ್ಲಿಯೂ ಅದು ಇಲ್ಲ.

ಕಾಕಾ, “ಎಪ್ಪಾ, ಹೋಗಬೇಕಾದವ್ರು ಯಾರು ಅಂತ ದೇವರಿಗೆ ಗೊತ್ತೈತಿ. ಫ್ಲೆಕ್ಸ ಹಾಕಿದವ್ರಿಗೆ ಗೊತ್ತಿಲ್ಲ,” ಎಂದು ನಕ್ಕ. ನಾನೂ ನಕ್ಕೆ. ನಕ್ಕಾಗ ಕಿವಿಯಿಂದ ನೀರು ಬಂತು, ಸ್ವಲ್ಪ ರಕ್ತವೂ.

ವಿಜಯಪುರದ ಕಿವಿ ಡಾಕ್ಟರು ಬಹಳ ಹೊತ್ತು ಇಣುಕಿ ನೋಡಿದರು.

“ಪರದೆ ಹರದೈತ್ರಿ. ಅದರಾಗ ಅರ್ಧ ಹಳೇದು, ಸಣ್ಣವರಿದ್ದಾಗಿಂದ ಐತಿ. ಇದನ್ನ ಇಟ್ಟುಕೊಂಡು ಸಮುದ್ರದ ತಳಕ್ಕ? ಜಳಕ ಮಾಡುವಾಗ ಸುದ್ದಾ ಕಿವ್ಯಾಗ ಅರಳಿ ಇಟ್ಕೋರಿ.”

ನನ್ನ ಸಾಹಸ ಅಲ್ಲಿಗೆ ಮುಗಿಯಿತು. ಹೇಗೂ ಬಂದಿದ್ದೀರಲ್ಲ ಎಂದು ಗಿರಿಜಾಳ ಕಿವಿಯನ್ನೂ ನೋಡಿದರು. ಉಸಿರು, ರಕ್ತದೊತ್ತಡ ಪರೀಕ್ಷಿಸಿದರು. “ನೀವು ಭಾಳ ಚಲೋ ಅದೀರಿ ಅಮ್ಮಾರ. ನೀವು ಬೇಕಾದ್ರ ಆರಾಮಾಗಿ ಹೋಗಿ ಬರ್ರಿ,” ಎಂದರು.

ವಾಪಸು ಬರುವ ಬಸ್ಸಿನಲ್ಲಿ ಗಿರಿಜಾ ನನ್ನ ಬಲಗಡೆಗೆ ಬಂದು ಕುಳಿತಳು, ಕೇಳಿಸಲಿ ಎಂದು. ಹೊರಗೆ ಹಿಂಗಾರಿ ಜೋಳ ಎದೆಯೆತ್ತರ ನಿಂತಿತ್ತು.

“ರೀ, ಟಿಕೇಟ ಎರಡೂ ತಗಸೂಣು. ನಾ ಇಳೀತೇನಿ, ನೀವು ದಂಡಿ ಮ್ಯಾಲೆ ಕುರ್ಚಿ ಹಾಕ್ಕೊಂಡು ಕೂಡ್ರಿ. ಅಷ್ಟು ದೂರ ಬ್ಯಾಡಂದ್ರ ಮುರುಡೇಶ್ವರಕ್ಕರೆ ಹೋಗೂಣು. ಎಲ್ಲ್ಯಾದ್ರೂ ಸೈ, ಒಂದ್ಸಲ ತಳಾ ಮುಟ್ಟಿ ಬರ್ತೇನಿ.”

ಎಷ್ಟು ಸರಳವಾದ ಮಾತು! ಒಬ್ಬರು ಇಳಿಯುವುದು, ಒಬ್ಬರು ಕೂಡುವುದು. ಕೂಡುವುದು ನನಗೆ ಚೆನ್ನಾಗಿ ಬರುತ್ತದೆ. ಸೇವಾವಧಿಯುದ್ದಕ್ಕೂ ನಾನು ಮಾಡಿದ್ದು ಅದನ್ನೇ.

ಆದರೆ ನನ್ನ ಕಣ್ಣ ಮುಂದೆ ಸರ್ಕಲ್ಲಿನ ಫ್ಲೆಕ್ಸ್ ಬಂದು ನಿಂತಿತು. ತಿಮಿಂಗಿಲದ ಮುಂದೆ ಕುರ್ಚಿ ಹಾಕಿಕೊಂಡು, ಕಿವಿಗೆ ಅರಳೆಯಿಟ್ಟುಕೊಂಡು, ಹೆಂಡತಿಯ ಚಪ್ಪಲಿ ಕಾಯುತ್ತ ಕುಳಿತ ಸಾಹಸಿ.

“ಈರಣ್ಣನ್ನ ಒಂದು ಮಾತು ಕೇಳೂಣು,” ಎಂದೆ.

ಈರಣ್ಣ ಗಿರಿಜಾಳ ತಮ್ಮ. ಬಸವನ ಬಾಗೇವಾಡಿಯಲ್ಲಿ ಗೊಬ್ಬರದ ಅಂಗಡಿ, ಅದರ ಹಿಂದೆಯೇ ಮನೆ. ಬಸ್ಸು ಹೇಗೂ ಅಲ್ಲಿಂದಲೇ ಹೋಗುತ್ತದೆ, ಇಳಿದೆವು. ಅವನ ಹೆಂಡತಿ ಚಹಾ ತಂದಳು. ಅವನ ಹೆಂಡತಿಯ ತಮ್ಮ, ಪಕ್ಕದ ಅಂಗಡಿಯವನು, ಇಬ್ಬರು ಗಿರಾಕಿಗಳು, ಎಲ್ಲರೂ ನಮ್ಮ ವಿಷಯದಲ್ಲಿ ಅಭಿಪ್ರಾಯ ಕೊಡಲು ಸುತ್ತ ಕುಳಿತರು. ನಾನು ಸಂಗತಿಯನ್ನು ಕ್ರಮವಾಗಿ ಹೇಳಿದೆ.

ಈರಣ್ಣ ತೊಡೆ ತಟ್ಟಿಕೊಂಡ. “ಮಾವಾರ, ನೀವು ದಂಡಿ ಮ್ಯಾಲ, ಅಕ್ಕ ನೀರಾಗ? ಸತ್ಕಾರ ಯಾರಿಗೆ ಆಗೈತ್ರಿ? ಮಂದಿ ಏನಂದಾರು?”

“ಮಂದಿ ಏನ ನನ್ನ ಕೂಡ ನೀರಾಗ ಇಳೀತಾರೇನೋ?” ಎಂದಳು ಗಿರಿಜಾ.

“ಹಂಗಲ್ಲಕ್ಕಾ. ಗೊತ್ತಿಲ್ಲದ ದೇಶ, ಗೊತ್ತಿಲ್ಲದ ಗಂಡಸರು ಕಲಸವ್ರು. ಮಾವಾರು ನೀರಾಗ ಜೋಡಿ ಇದ್ರ ಮಾತು ಬ್ಯಾರೆ.”

“ಇವ್ರು ಜೋಡಿ ಇದ್ರ ಇವ್ರನ್ನ ಎತ್ತೋದ್ರಾಗ ನನ್ನ ಗಾಳಿ ತೀರತೈತಿ.”

ಎಲ್ಲರೂ ನಕ್ಕರು. ಈರಣ್ಣ ನನ್ನ ಕಡೆ ತಿರುಗಿದ. “ಮಾವಾರ, ನೀವು ಹೇಳ್ರಿ. ನೀವು ಹೂಂ ಅಂದ್ರ ನಾ ಯಾರು ಬ್ಯಾಡನ್ನಾಕ?”

ಈ ಕ್ಷಣವನ್ನು ನಾನು ನಿಧಾನವಾಗಿ ಬರೆಯಬೇಕು. ಬಸಿಯಲ್ಲಿ ಚಹಾ ಇತ್ತು. ಮೇಲೆ ಫ್ಯಾನು ತಿರುಗುತ್ತಿತ್ತು. ಎಲ್ಲರ ಕಣ್ಣು ನನ್ನ ಮೇಲಿತ್ತು. ಗಿರಿಜಾ ಮಾತ್ರ ನನ್ನನ್ನು ನೋಡಲಿಲ್ಲ, ತನ್ನ ಅಂಗೈ ನೋಡಿಕೊಳ್ಳುತ್ತಿದ್ದಳು. ನಾನು ಹೇಳಬೇಕಾದದ್ದು ‘ಹೂಂ’ ಎಂಬ ಒಂದು ಅಕ್ಷರ. ಅದಕ್ಕೆ ಬಾಯಿ ತೆರೆಯಬೇಕಾದ ಅಗತ್ಯವೂ ಇಲ್ಲ.

ನಾನು ಚಹಾ ಕುಡಿದೆ. ಬಸಿ ಕೆಳಗಿಟ್ಟೆ. ಬಾಯಿ ಒರೆಸಿಕೊಂಡೆ.

“ಹಿರಿಯರು ಹೆಂಗ ಹೇಳ್ತೀರೋ ಹಂಗ,” ಎಂದೆ.

ಆ ಕೋಣೆಯಲ್ಲಿ ಎಲ್ಲರಿಗಿಂತ ಹಿರಿಯ ನಾನೇ ಆಗಿದ್ದೆ!

ಗಿರಿಜಾ ಎದ್ದು ಚಹಾದ ಬಸಿಗಳನ್ನು ಒಟ್ಟುಗೂಡಿಸಿ ಒಳಗೆ ಒಯ್ದಳು. ತೊಳೆಯುವ ಸಪ್ಪಳ ಕೇಳಿತು. ನನ್ನ ಒಳ್ಳೆಯ ಕಿವಿ ಆ ಕಡೆಗೇ ಇತ್ತು.

ಕೆರಿಬಿಯನ್, ಮುರುಡೇಶ್ವರ ಎರಡೂ ರದ್ದಾದವು. ಮಲ್ಲನಗೌಡರಿಗೆ ನಾನೇ ಹೋಗಿ ತಿಳಿಸಿದೆ. ಶಾಲು ವಾಪಸು ಕೊಡಲು ಚೀಲದಲ್ಲಿ ಒಯ್ದಿದ್ದೆ. ಅವರು ಹೌಹಾರಿದರು.

“ಹೊದಸಿದ ಶಾಲು ತಿರುಗಿ ತಗೋಳೋದುಂಟೇನ್ರಿ? ಬಳಗದ ಮರ್ಯಾದಿ ಏನಾಗ್ಬೇಕು? ಒಂದು ಕೆಲಸ ಮಾಡೂಣು. ನಿಮ್ಮದೊಂದು ಉಪನ್ಯಾಸ ಇಟ್ಕೊಳ್ಳೂಣು. ‘ಸಮುದ್ರದ ತಳ: ಒಂದು ಅನುಭವ’.”

“ಗೌಡ್ರ, ನನಗ ಅನುಭವ ಇಲ್ಲ.”

“ಅದರ ಮ್ಯಾಲೆ ಅಷ್ಟು ಓದೀರಿ, ವಿಡಿಯೊ ನೋಡೀರಿ, ಕಿವಿ ಹರ್ಕೊಂಡೀರಿ. ಇನ್ನ ಏನ್ ಅನುಭವ ಬೇಕ್ರಿ?”

ಕೋರ್ಟಿನಲ್ಲಾದರೆ ಇಂಥ ಸಾಕ್ಷಿಯನ್ನು ಕಟಕಟೆ ಹತ್ತಲೂ ಬಿಡುತ್ತಿರಲಿಲ್ಲ. ಬಳಗ ವೇದಿಕೆಗೇ ಹತ್ತಿಸಿತು.

ಸಭೆ ತುಂಬಿತ್ತು. ನಾನು ಚೆನ್ನಾಗಿಯೇ ಮಾತನಾಡಿದೆ ಎಂದು ಎಲ್ಲರೂ ಹೇಳುತ್ತಾರೆ. ಹವಳ ಬೆಳೆಯುವ ಬಗೆ, ಆಳಕ್ಕೆ ಹೋದಂತೆ ಮೊದಲು ಕೆಂಪು ಬಣ್ಣ ಮಾಯವಾಗುವುದು, ಮೇಲೆ ಬರುವಾಗ ಅವಸರ ಮಾಡಿದರೆ ಜೀವಕ್ಕೇ ಅಪಾಯವಾಗುವುದು, ಎಲ್ಲವನ್ನೂ ಕ್ರಮವಾಗಿ ವಿವರಿಸಿದೆ. ‘ನಾನು ಹೋಗಿದ್ದೆ’ ಎಂದು ಎಲ್ಲಿಯೂ ಹೇಳಲಿಲ್ಲ. ‘ಅಲ್ಲಿ ಹೋದಾಗ’ ಎಂದೆ. ಯಾರು ಹೋದಾಗ ಎಂದು ಯಾರೂ ಕೇಳಲಿಲ್ಲ. ನಾನೂ ಸ್ಪಷ್ಟಪಡಿಸಲಿಲ್ಲ. ಎಚ್ಚರಿಕೆಯ ಮನುಷ್ಯ!

ಕೊನೆಯಲ್ಲಿ ನಿವೃತ್ತ ಡ್ರಿಲ್ ಮಾಸ್ತರರೊಬ್ಬರು ಎದ್ದರು. “ಸರ, ಎಲ್ಲಾ ಚಲೋ ಹೇಳಿದ್ರಿ. ಆದ್ರ ಒಂದು ಪ್ರಶ್ನೆ. ತಳಾ ಮುಟ್ಟಿದಾಗ ಮನಸ್ಸಿಗೆ ಹೆಂಗ ಅನಸ್ತೈತ್ರಿ?”

ಇದನ್ನು ಮಾತ್ರ ನಾನು ಎಲ್ಲಿಯೂ ಓದಿರಲಿಲ್ಲ. ಮೈಕಿನ ಮುಂದೆ ನಿಂತು ಗಂಟಲು ಸರಿಪಡಿಸಿಕೊಂಡೆ. ನೀರು ಕುಡಿದೆ. ನನ್ನ ಫಜೀತಿಯನ್ನು ಮಲ್ಲನಗೌಡರು ಸಂಕೋಚವೆಂದು ತಿಳಿದರು. “ಇದನ್ನ ಅವ್ರ ಶ್ರೀಮತಿಯವ್ರ ಬಾಯಿಂದ ಕೇಳೂಣು. ಅಕ್ಕಾರ, ಬರ್ರಿ, ಎರಡು ಮಾತು!” ಎಂದು ಕೂಗಿದರು.

ಗಿರಿಜಾ ಮಹಿಳೆಯರ ಸಾಲಿನಿಂದ ಎದ್ದು ಬಂದಳು. ಸೆರಗು ಸರಿಪಡಿಸಿಕೊಂಡು, ಮೈಕನ್ನು ತನ್ನ ಎತ್ತರಕ್ಕೆ ಬಗ್ಗಿಸಿಕೊಂಡಳು.

“ನನಗ ಗೊತ್ತಿಲ್ರಿ. ನಾ ಹೋಗಿಲ್ಲ,” ಎಂದಳು. ನನ್ನ ಕಡೆ ಕೈ ಮಾಡಿದಳು. “ಇವ್ರೂ ಹೋಗಿಲ್ಲ.”

ಸಭೆಯೆಲ್ಲ ಗೊಳ್ಳೆಂದು ನಕ್ಕಿತು. ಎಂಥ ವಿನಯ, ಎಂಥ ಹಾಸ್ಯಪ್ರಜ್ಞೆ ಎಂದು ಚಪ್ಪಾಳೆ ತಟ್ಟಿತು. ಆ ಸಂಜೆ ಅಲ್ಲಿ ನುಡಿದ ನಿಜವಾದ ಸಾಕ್ಷ್ಯ ಅದೊಂದೇ. ಅದನ್ನು ಯಾರೂ ದಾಖಲಿಸಿಕೊಳ್ಳಲಿಲ್ಲ. ಮಲ್ಲನಗೌಡರು ನಗುತ್ತಲೇ ಬಂದು ನನಗೆ ಇನ್ನೊಂದು ಶಾಲು ಹೊದಿಸಿದರು. ನಾನು ತಲೆ ಬಗ್ಗಿಸಿದೆ. ನಾಚಿಕೆಗೆ ಬಗ್ಗಿಸಿದ್ದು. ಶಾಲಿಗೆ ಅನುಕೂಲವಾಯಿತು.

ನಾವು ಮನೆಗೆ ನಡೆದುಕೊಂಡೇ ಬಂದೆವು. ಗಿರಿಜಾ ನನ್ನ ಎಡಗಡೆಗಿದ್ದಳು. ಏನಾದರೂ ಅಂದಳೋ ಇಲ್ಲವೋ, ಹೇಳಲಾರೆ.

ಈಗ ಸಮುದ್ರದ ತಳದ ವಿಷಯದಲ್ಲಿ ನಮ್ಮ ತಾಲೂಕಿಗೆ ನಾನೇ ಅಧಿಕಾರವಾಣಿ. ಮೊನ್ನೆ ತಾಳಿಕೋಟೆಯಿಂದ ಫೋನು ಬಂತು. ಅಲ್ಲಿಯ ಒಂದು ಬಳಗದವರಿಗೂ ಇದೇ ಉಪನ್ಯಾಸ ಬೇಕಂತೆ. ಗಿರಿಜಾಳನ್ನು ಕೇಳಿದೆ, ಬರುವುದಿಲ್ಲ ಎಂದಳು. ಬರುವ ಭಾನುವಾರ ಮುಂಜಾನೆಯ ಬಸ್ಸಿಗೆ ನಾನೊಬ್ಬನೇ ಹೊರಟಿದ್ದೇನೆ. ಒಬ್ಬನೇ ಹೋಗಿ ಬರಲು ನಾನು ಯಾರ ಮನೆಯಲ್ಲೂ ಒಪ್ಪಿಗೆಗಾಗಿ ಚಹಾ ಕುಡಿಯುತ್ತ ಕೂಡಬೇಕಾಗಲಿಲ್ಲ. ಹೋಗುತ್ತೇನೆ ಎಂದೆ, ಆಯಿತು.